‘ದೊಡ್ಡ ಸ್ವಾಮಿ’ಯ ಸೋಲು?

ಚಾಮರಾಜನಗರದ ಹರದನಹಳ್ಳಿಗೆ ಧರ್ಮಬೋಧೆ ಹೊಸತಲ್ಲ. ಇಲ್ಲಿನ ಗೋಸಲ ಚನ್ನಬಸವೇಶ್ವರರ ಶಿಷ್ಯ ತೋಂಟದ ಸಿದ್ಧಲಿಂಗ ಯತಿಗಳು ಊರೂರು ಸುತ್ತಿ ಶಿವತತ್ವ ಸಾರಿದವರು. ಹೀಗೆ ಸಂಚಾರಿ ಗುರುಗಳನ್ನು ಬಲ್ಲ ಮೈಸೂರು ಸೀಮೆಗೆ, 1799ರಲ್ಲಿ ಟಿಪ್ಪು ಪತನವಾದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಬಂದರು. ಶ್ರೀರಂಗಪಟ್ಟಣದ ಚದುರಿದ ಕ್ರೈಸ್ತರನ್ನು ಒಗ್ಗೂಡಿಸುವುದು ಅವರ ಕೆಲಸ. ದೇಶೀ ಉಡುಗೆ ತೊಟ್ಟು, ಇಲ್ಲಿನ ನಡೆನುಡಿಗೆ ಹೊಂದಿಕೊಂಡ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದರು. ಸಿಡುಬಿನ ಲಸಿಕೆ ಹಾಕಿಸಲು ಅವರು ಪಟ್ಟ ಶ್ರಮವೂ ಗೌರವ ತಂದಿತು.

ಆದರೆ ಅವರು ಸಾರಿದ ಕ್ರಿಸ್ತಬೋಧೆಗೆ? ಕೈಮುಗಿದವರು ಹಿಂದೆ ಬರಲಿಲ್ಲ. ಮತ ಬಿಟ್ಟರೆ ಜಾತಿ ಹೋಗುತ್ತದೆ. ಜಾತಿಯೊಂದಿಗೆ ನಂಟರು, ಹೆಣ್ಣು ಕೊಟ್ಟು ತರುವ ಮನೆಗಳೂ. ಇಷ್ಟು ವರ್ಷಗಳಲ್ಲಿ ತಾವು ಮತಕ್ಕೆ ಸೇರಿಸಿದ್ದು ಇನ್ನೂರು ಮುನ್ನೂರು ಮಂದಿ, ಅವರಲ್ಲಿ ಮೂರರಲ್ಲೆರಡು ಪಾಲು ಅಸ್ಪೃಶ್ಯರು, ಭಿಕ್ಷುಕರು ಎಂದು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ ದ್ಯುಬುವಾ ನಿರಾಶೆಯಿಂದ ಬರೆದರು. ಹಿಂದೂಗಳ ಮತಾಂತರ ಅಸಾಧ್ಯವೆಂದೂ ಸಾರಿದರು. ಪ್ರಾಟೆಸ್ಟೆಂಟ್ ಮಿಷನರಿಗಳು ಕೆರಳಿ ಉತ್ತರವಾಗಿ ಪುಸ್ತಕಗಳನ್ನೇ ಬರೆದರು.

ಊರಾಚೆಯ ಕೇರಿಯವರು ಕಿವಿಗೊಟ್ಟಿದ್ದು ಮಾತ್ರ ಈ ಜಗಳದಲ್ಲಿ ಸೋಲಿನ ಲೆಕ್ಕಕ್ಕೇ ಸೇರಿತು. ಅದೇ ವರ್ಷ ಪ್ಯಾರಿಸಿಗೆ ಮರಳಿದ ‘ದೊಡ್ಡ ಸ್ವಾಮಿ’ 1848ರಲ್ಲಿ ತೀರಿಕೊಂಡರು.