ಬಾಗಿಲ ಬರಹದಿಂದ ಮೊಬೈಲ್ ಸಂದೇಶದವರೆಗೆ

1990ರ ದಶಕದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುತ್ತದೆಂದು ನಂಬಲಾದ ದೆವ್ವವನ್ನು ಮರಳಿ ಕಳಿಸುವ ಉಪಾಯವದು. ಆ ವದಂತಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಹೆದರಿದವರ ಪಕ್ಕದಲ್ಲೇ ನಗುವವರೂ, ಪ್ರಶ್ನಿಸುವವರೂ ಇರಬಹುದಿತ್ತು.

ಮೊಬೈಲ್ ಬಂದ ಮೇಲೆ ವದಂತಿ ಬಾಗಿಲಿನಿಂದ ಜೇಬಿಗೆ ಇಳಿಯಿತು. ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯಲಿದೆ ಎಂಬ ಸುದ್ದಿ ಹಬ್ಬಿ, 2012ರ ಆಗಸ್ಟ್‌ನಲ್ಲಿ ಸಾವಿರಾರು ಜನ ನಗರ ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳನ್ನು 15 ದಿನ ನಿರ್ಬಂಧಿಸಿತು. 2018ರ ಮೇ 23ರಂದು, ಮಕ್ಕಳ ಕಳ್ಳರ ಕುರಿತ ವಾಟ್ಸ್ಆ್ಯಪ್ ಸಂದೇಶಗಳು ಹರಿದಾಡುತ್ತಿದ್ದಾಗ, ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಆ ವರ್ಷದ ಜುಲೈನಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ವಾಟ್ಸ್ಆ್ಯಪ್ ಭಾರತಕ್ಕೆ ಪ್ರಕಟಿಸಿತು.

ನಿರ್ಬಂಧದಿಂದ ಸಂದೇಶದ ವೇಗ ತಗ್ಗೀತು, ವಿವೇಚನೆ ಬೆಳೆಯದು. ಅದನ್ನು ಕಲಿಸುವ ಯತ್ನಗಳೂ ನಡೆದಿವೆ. ಕೇರಳದ ಕಣ್ಣೂರು ಜಿಲ್ಲಾಡಳಿತ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಆರಂಭಿಸಿತು. ಅದಕ್ಕೂ ಮುನ್ನ, 2000ರ ದಶಕದ ಆರಂಭದಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 'ನಮ್ಮ ಧ್ವನಿ'ಗಾಗಿ ತಾವೇ ಕಾರ್ಯಕ್ರಮ ಮಾಡಲು ಕಲಿತರು. ಸಮುದಾಯಕ್ಕೆ ಬಾನುಲಿ ಪರವಾನಗಿ ಸಿಗದ ಕಾಲವಾದ್ದರಿಂದ ಕೇಬಲ್ ಮೂಲಕ ಅದು ಮನೆಗಳನ್ನು ತಲುಪಿತು. ತಾನೇ ಧ್ವನಿಮುದ್ರಿಸಿ ಕತ್ತರಿಸಿದವನಿಗೆ, ಕೇಳಿದ್ದೆಲ್ಲ ಪೂರ್ಣಸತ್ಯವಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಆದರೆ ಪಶ್ಚಿಮ ಬೆಂಗಳೂರಿನ ಚಂದ್ರಾ ಲೇಔಟ್‌ನಂಥ ಬಡಾವಣೆಯಲ್ಲಿ ಈ ಪಾಠ ಹೇಳುವುದು ಎಲ್ಲಿ, ಯಾರಿಗೆ? ಹಳ್ಳಿಯ ಕಟ್ಟೆಯಂತೆ ಎಲ್ಲರೂ ಸೇರುವ ಜಾಗ ಇಲ್ಲಿಲ್ಲ. ದುಡಿಯುವವರು ಮನೆ ಸೇರುವಾಗ ಕತ್ತಲಾಗಿರುತ್ತದೆ. ಕನ್ನಡ, ತೆಲುಗು, ತಮಿಳು, ಉರ್ದು ಮನೆಮಾತಿನವರಿಗೆ ಸಂದೇಶಗಳು ಅವರವರ ಭಾಷೆಯಲ್ಲೇ ಬರುತ್ತವೆ. ಶಾಲೆಯ ಪಾಠ ಮಕ್ಕಳನ್ನು ಮುಟ್ಟುತ್ತದೆ, ಅಜ್ಜಿಯ ಮೊಬೈಲನ್ನಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ನಂಟಿನದು. ಸಂದೇಶ ಕಳಿಸಿದವರು ಮಾವನೋ ನೆರೆಯವರೋ ಆಗಿರುವಾಗ 'ಇದು ನಿಜವೇ?' ಎಂಬ ಪ್ರಶ್ನೆ ಅವಿಧೇಯತೆಯಾಗಿ ಕಾಣುತ್ತದೆ.

ಹೊರಗಿನ ತಜ್ಞರ ಒಂದು ದಿನದ ಉಪನ್ಯಾಸಕ್ಕೆ ಈ ತೊಡಕು ಬಿಡಿಸಲಾಗದು. ವಾಚನಾಲಯದವರು, ಸ್ತ್ರೀಶಕ್ತಿ ಸಂಘದವರು, ಅಂಗನವಾಡಿ ಕಾರ್ಯಕರ್ತೆಯರು, ಹೀಗೆ ನಾಲ್ಕು ಮನೆಯವರು ನಂಬುವವರೇ ಕಲಿಸಬೇಕು. ಸಂದೇಶ ಎಲ್ಲಿಂದ ಬಂತು, ಯಾವಾಗಿನದು, ಬೇರೆ ಯಾರು ಹೇಳಿದ್ದಾರೆ ಎಂಬ ಮೂರು ಪ್ರಶ್ನೆಗಳಿಂದ ಆರಂಭಿಸಿದರೂ ಸಾಕು. ಅಷ್ಟು ಕೇಳಲು ತಗಲುವ ಎರಡು ನಿಮಿಷದಲ್ಲಿ ಒಂದು ಜೀವ ಉಳಿಯಬಹುದು.