ಅಮೆರಿಕದ ಅರಣ್ಯಜ್ಞರ ಸಂಘ

ಕಾನೂನು ಮಾಡುವುದು ಶಾಸನಸಭೆಯ ಕೆಲಸ. ಆದರೆ ಕಾನೂನಿನ ವಿಚಾರ ಮೊಳೆಯುವ ನೆಲ ಎಷ್ಟೋ ಸಲ ಬೇರೆಯೇ ಆಗಿರುತ್ತದೆ. ಅಮೆರಿಕದ ಅರಣ್ಯನೀತಿಯ ಮಟ್ಟಿಗೆ ಅಂಥ ಒಂದು ನೆಲ ವಾಷಿಂಗ್ಟನ್ ನಗರದ ಒಂದು ಮನೆ. ಅಲ್ಲಿ ಸೇರುತ್ತಿದ್ದ ತರುಣ ಅರಣ್ಯಜ್ಞರಿಗೆ ಉಪಾಹಾರವೆಂದರೆ ಶುಂಠಿಯ ರೊಟ್ಟಿ, ಹಾಲು, ಬೇಯಿಸಿದ ಸೇಬು. ಆ ಕೂಟಕ್ಕೆ ‘ಬೇಯಿಸಿದ ಸೇಬಿನ ಕೂಟ’ ಎಂಬ ವಿನೋದದ ಹೆಸರೇ ಬಿದ್ದಿತ್ತು.

ಮನೆ ಗಿಫರ್ಡ್ ಪಿಂಚೊ ಅವರದು. ಫ್ರಾನ್ಸಿನ ನಾನ್ಸಿಯಲ್ಲಿ ಅರಣ್ಯಶಾಸ್ತ್ರ ಓದಿದ ಈತನಿಗೆ ಮಾರ್ಗದರ್ಶಕರಾಗಿದ್ದವರು ಡೀಟ್ರಿಚ್ ಬ್ರಾಂಡಿಸ್. 1864ರಿಂದ 1883ರ ವರೆಗೆ ನಮ್ಮ ದೇಶದ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ಬ್ರಾಂಡಿಸರೇ ಇವರು. ಭಾರತದ ಕಾಡಿನ ಅನುಭವ ಜರ್ಮನಿಯ ಬಾನ್ ನಗರದ ಮೂಲಕ ಅಮೆರಿಕಕ್ಕೆ ದಾಟಿದ್ದು ಸ್ವಾರಸ್ಯದ ಸಂಗತಿ. 1900ರ ನವೆಂಬರ್ 30ರಂದು ಪಿಂಚೊ ಮತ್ತು ಇತರ ಆರು ಮಂದಿ ಸೇರಿ ಅಮೆರಿಕನ್ ಅರಣ್ಯಜ್ಞರ ಸಂಘವನ್ನು ಸ್ಥಾಪಿಸಿದರು.

ಕೇವಲ ಏಳು ಜನ! ಆದರೂ 1903ರ ಮಾರ್ಚಿಯಲ್ಲಿ ಈ ಸಂಘದ ಸಭೆಯನ್ನು ಉದ್ದೇಶಿಸಿ ಮಾತನಾಡಿದವರು ಸ್ವತಃ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್. ಕಾಡನ್ನು ಕಾಯುವುದು ಅದರ ಚೆಲುವಿಗಾಗಿ ಅಲ್ಲ, ಜನ ನೆಮ್ಮದಿಯಿಂದ ಮನೆ ಕಟ್ಟಿ ಬಾಳುವುದಕ್ಕಾಗಿ ಎಂಬುದು ಅವರ ಮಾತಿನ ತಾತ್ಪರ್ಯ. ಅದು ಪಿಂಚೊ ಅವರ ಮಾತೇ. ಆಡಿದ ಬಾಯಿ ಮಾತ್ರ ಬೇರೆ. 1905ರಲ್ಲಿ 6 ಕೋಟಿ 30 ಲಕ್ಷ ಎಕರೆ ಮೀಸಲು ಕಾಡು ಒಳಾಡಳಿತ ಖಾತೆಯಿಂದ ಕೃಷಿ ಖಾತೆಗೆ, ಎಂದರೆ ಪಿಂಚೊ ಅವರ ಕೈಗೆ, ಬಂದಿತು. ಆ ದಿನಗಳಲ್ಲಿ ಸಂಘಕ್ಕೂ ಇಲಾಖೆಗೂ ನಡುವೆ ಗೋಡೆಯೇ ಇರಲಿಲ್ಲ. ತಜ್ಞನೂ ಅವನೇ, ಅಧಿಕಾರಿಯೂ ಅವನೇ.

ತೊಡಕು ಹುಟ್ಟಿದ್ದು ಮುಂದೆ. ಸರಕಾರದ ಕಾಡಿಗೆ ಕಾವಲು ಬಂತು, ಸರಿ. ಆದರೆ ದೇಶದ ಮರದ ಬಹುಪಾಲು ನಿಂತಿದ್ದುದು ಖಾಸಗಿ ನೆಲದಲ್ಲಿ. 1919ರಲ್ಲಿ ಪಿಂಚೊ ಅವರ ಅಧ್ಯಕ್ಷತೆಯಲ್ಲಿ ಸಂಘದ ಸಮಿತಿಯೊಂದು ವರದಿ ಕೊಟ್ಟಿತು: ಖಾಸಗಿ ಒಡೆಯರು ಮರ ಕಡಿಯುವ ರೀತಿಯನ್ನೂ ರಾಷ್ಟ್ರೀಯ ಸರಕಾರವೇ ನಿಯಂತ್ರಿಸಬೇಕು. ಸಂಘ ಎರಡು ಹೋಳಾಯಿತು. ಎದುರು ಪಕ್ಷದ ಮುಂದಾಳು ವಿಲಿಯಂ ಗ್ರೀಲಿ, ಪಿಂಚೊ ಅವರ ಗರಡಿಯಲ್ಲೇ ಪಳಗಿದವರು. 1910ರಲ್ಲಿ ರಾಕಿ ಪರ್ವತಗಳ ಉತ್ತರ ಭಾಗದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಉರಿದುಹೋದಾಗ ಅಲ್ಲಿ ಅಧಿಕಾರಿಯಾಗಿದ್ದವರು. ಕೊಡಲಿಗಿಂತ ಬೆಂಕಿಯೇ ಅವರಿಗೆ ದೊಡ್ಡ ಶತ್ರು. ಬೆಂಕಿಯನ್ನು ಎದುರಿಸಲು ಮರದ ಒಡೆಯರ ಸಹಕಾರ ಬೇಕು, ಅವರೊಡನೆ ಕಾಳಗ ಹೂಡಬಾರದು ಎಂಬುದು ಅವರ ನಿಲುವು. ಅದನ್ನು ಬರಿಯ ರಾಜಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಒಂದನ್ನು ಹೇಳಲೇಬೇಕು: ತಜ್ಞರಲ್ಲಿ ಭಿನ್ನಮತ ಹುಟ್ಟಿದಾಗ ಸರಕಾರಕ್ಕೆ ಹಿತವಾಗಿ ಕೇಳಿಸುವುದು ಕಡಿಮೆ ಕಷ್ಟದ ಮಾತು. 1924ರ ಕ್ಲಾರ್ಕ್–ಮ್ಯಾಕ್‌ನರಿ ಕಾಯಿದೆ ಬೆಂಕಿ ತಡೆಗೆ ಹಣ ಕೊಟ್ಟಿತು, ರೈತರಿಗೆ ಸಸಿ ಒದಗಿಸಿತು. ಕೊಡಲಿಯ ವಿಷಯದಲ್ಲಿ ಸುಮ್ಮನಾಯಿತು. 1928ರಲ್ಲಿ ಗ್ರೀಲಿ ಸರಕಾರಿ ಹುದ್ದೆ ಬಿಟ್ಟು ಪಶ್ಚಿಮ ತೀರದ ಮರದ ಉದ್ಯಮಿಗಳ ಸಂಘಕ್ಕೆ ಕಾರ್ಯದರ್ಶಿಯಾದರು. ಪಿಂಚೊ ಅವರ ಕಡೆಯವರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿತ್ತೆ?

ಗದ್ದಲವಿಲ್ಲದೆ ನಡೆದ ಇನ್ನೊಂದು ಕೆಲಸವಿದೆ. ಯಾವ ಕಾಲೇಜಿನ ಅರಣ್ಯಶಿಕ್ಷಣ ಮಾನ್ಯ ಎಂಬುದನ್ನು 1935ರಿಂದ ಸಂಘವೇ ಗೊತ್ತುಮಾಡತೊಡಗಿತು. ಶಾಸನಸಭೆಯ ಮುಂದೆ ಸಾಕ್ಷ್ಯ ಹೇಳುವುದಕ್ಕಿಂತ ಇದು ಆಳವಾದ ಪ್ರಭಾವವೆಂದು ನನ್ನ ಎಣಿಕೆ. ಮುಂದಿನ ತಲೆಮಾರಿನ ಅಧಿಕಾರಿ ಕಾಡನ್ನು ಯಾವ ಕಣ್ಣಿನಿಂದ ನೋಡಬೇಕೆಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಆ ಕಣ್ಣನ್ನೇ ಹೊರಗಿನವರು ಪ್ರಶ್ನಿಸುವ ಕಾಲವೂ ಬಂತು. ಪಶ್ಚಿಮ ವರ್ಜೀನಿಯದ ಮನಾಂಗಹೀಲ ಕಾಡಿನಲ್ಲಿ ಅರಣ್ಯ ಇಲಾಖೆ ಗುಡ್ಡಗಳನ್ನು ಪೂರ್ತಿ ಬೋಳಿಸಿ ಮರ ತೆಗೆಯುತ್ತಿತ್ತು. ಇದು ಶಾಸ್ತ್ರಸಮ್ಮತವೆಂದು ಅದರ ವಾದ. ಬೇಟೆ, ಮೀನು ಹಿಡಿಯುವ ಹವ್ಯಾಸಿಗಳು ನ್ಯಾಯಾಲಯಕ್ಕೆ ಹೋದರು. ಬಲಿತ ಮರವನ್ನು, ಅದೂ ಗುರುತು ಹಾಕಿ, ಮಾತ್ರ ಮಾರಬೇಕೆಂಬ 1897ರ ಕಾಯಿದೆಯ ಹಳೆಯ ಅಕ್ಷರವನ್ನು 1975ರಲ್ಲಿ ಮೇಲಿನ ನ್ಯಾಯಾಲಯ ಎತ್ತಿಹಿಡಿಯಿತು. ಮರುವರ್ಷ ಹೊಸ ಕಾಯಿದೆ ಬಂತು. ಗುಡ್ಡ ಬೋಳಿಸುವುದನ್ನು ಅದು ನಿಷೇಧಿಸಲಿಲ್ಲ. ಆದರೆ ಕಾಡಿನ ಯೋಜನೆಗಳಲ್ಲಿ ಸಾರ್ವಜನಿಕರಿಗೆ ಪಾಲು ಕೊಟ್ಟಿತು. ನಿಯಮಾವಳಿಗೆ ಸಲಹೆ ನೀಡಲು ವಿಜ್ಞಾನಿಗಳ ಸಮಿತಿಯೊಂದನ್ನು ನೇಮಿಸಬೇಕೆಂದೂ ವಿಧಿಸಿತು. ಆ ಸಮಿತಿಯ ಸದಸ್ಯರಲ್ಲಿ ಒಬ್ಬರೂ ಅರಣ್ಯ ಇಲಾಖೆಯ ನೌಕರರಾಗಿರಕೂಡದು.