ಕರ್ನಾಟಕದಲ್ಲಿ ಪಿಯಾನೊ ಕಚೇರಿಗಳು

ಕರ್ನಾಟಕದ ಪಿಯಾನೊ ಕಚೇರಿಗಳ ಇತಿಹಾಸವನ್ನು ಮೈಸೂರು ಅರಮನೆಯಿಂದ ಶುರುಮಾಡುವುದು ವಾಡಿಕೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮೈಸೂರಿನ ಹಣದಿಂದ ಬೆಳೆದ ದೊಡ್ಡ ಕಾರ್ಯಕ್ರಮಗಳು ನಡೆದದ್ದು ಲಂಡನ್ನಿನಲ್ಲಿ. ಊರಿನ ಶ್ರೋತೃಗಳಿಗೆ ಇಂಥ ಕಚೇರಿಗಳು ಸರಣಿಯಾಗಿ ದಕ್ಕಿದ್ದು ಅನಂತರದ ಸಂಸ್ಥೆಗಳಿಂದ. ಈ ಎರಡು ಕಥೆಗಳನ್ನು ಒಂದೇ ಎಂಬಂತೆ ಹೇಳಿಕೊಂಡು ಬಂದದ್ದರಿಂದ ಇಸವಿಗಳು ಕಲಸಿಹೋಗಿವೆ. ಆ ಕಾರಣಕ್ಕೆ 1940ರ ದಶಕಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ವಾದ್ಯ ಮತ್ತು ನೆಲ

ಪಿಯಾನೊ ಈ ಭಾಗಕ್ಕೆ ಬಂದದ್ದು ಬ್ರಿಟಿಷ್ ದಂಡು ಮತ್ತು ಮಿಷನ್ ಶಾಲೆಗಳ ಜೊತೆಗೆ. ಬೆಂಗಳೂರು ದಂಡು ಪ್ರದೇಶದ ಬಂಗಲೆ, ಕ್ಲಬ್ಬು, ಕಾನ್ವೆಂಟುಗಳಲ್ಲಿ ಅದು ನೆಲೆಯೂರಿತು. ಉಷ್ಣವಲಯಕ್ಕೆಂದೇ ತಯಾರಾಗುತ್ತಿದ್ದ ಪಿಯಾನೊಗಳಲ್ಲಿ ಬರೀ ಅಂಟನ್ನು ನೆಚ್ಚದೆ ಹಿತ್ತಾಳೆ ಸ್ಕ್ರೂಗಳನ್ನೂ ಬಿಗಿಯುತ್ತಿದ್ದರು. ಮಳೆಗಾಲದ ತೇವಕ್ಕೆ ಅಂಟು ಬಿಟ್ಟುಕೊಳ್ಳುತ್ತಿತ್ತು. ಮಂಗಳೂರಿನ ಕಡಲ ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಮೈಸೂರು, ಬೆಂಗಳೂರುಗಳ ಹವೆ ಈ ವಾದ್ಯಕ್ಕೆ ಅಷ್ಟು ಕಠಿಣವಲ್ಲ.

ಪಾಶ್ಚಾತ್ಯರಿಂದಲೇ ಬಂದ ಪಿಟೀಲನ್ನು ಕರ್ನಾಟಕ ಸಂಗೀತ ಪೂರ್ತಿ ತನ್ನದಾಗಿಸಿಕೊಂಡಿತು. ಪಿಯಾನೊವನ್ನು ಹೊಸ್ತಿಲಾಚೆಗೇ ನಿಲ್ಲಿಸಿತು. ಕಾರಣ ವಾದ್ಯದ ರಚನೆಯಲ್ಲೇ ಇದೆ. ಪಿಯಾನೊದ 88 ಮನೆಗಳಲ್ಲಿ ಪ್ರತಿ ಸ್ಥಾಯಿಯನ್ನು 12 ಸಮಪಾಲು ಮಾಡಿ ಶ್ರುತಿ ಕೂಡಿಸಿರುತ್ತಾರೆ. ಮನೆ ಒತ್ತಿದಾಗ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಆಮೇಲೆ ಆ ಸ್ವರವನ್ನು ಎಳೆಯುವುದಕ್ಕೂ ಜಾರಿಸುವುದಕ್ಕೂ ಆಗದು. ಗಮಕವಿಲ್ಲದ ತೋಡಿ ರಾಗವನ್ನು ತೋಡಿ ಎಂದು ಒಪ್ಪುವವರು ಕಡಿಮೆ.

ರಾಜ್ಯದ ಉತ್ತರ ಗಡಿಯಲ್ಲಿ ಮತ್ತು ಅದರಾಚೆ, ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ್ ತಾಲ್ಲೂಕುಗಳ ಕನ್ನಡ ಬಲ್ಲ ಊರುಗಳಲ್ಲಿ, ದಾಳಿಂಬದಂಥ ಕಡೆ, ಕಪ್ಪು-ಬಿಳಿ ಮನೆಗಳ ವಾದ್ಯವೆಂದರೆ ಪೇಟಿ, ಅಂದರೆ ಹಾರ್ಮೋನಿಯಂ. ಉದಗೀರ್, ನಿಲಂಗಾಗಳು 1956ರ ತನಕ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ಗಡಿಯ ಎರಡೂ ಬದಿಯಲ್ಲಿ ಭಜನೆಗೆ ಕೈಪೇಟಿ, ನಾಟಕ ಕಂಪನಿಗೆ ಕಾಲುಪೇಟಿ. ಕಂಪನಿಯಲ್ಲಿ ರಾಗ ಹಾಕಿ ಹಾಡು ಕಲಿಸುವ ಪೇಟಿ ಮಾಸ್ತರರ ಮಾತೇ ಕೊನೆಯ ಮಾತು. ಮೇಲೆ ಹೇಳಿದ ಗಮಕದ ಆಕ್ಷೇಪಣೆ ಪೇಟಿಗೂ ತಗುಲಿತು: 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿತು, ಅದು ಮೂರು ದಶಕ ನಡೆಯಿತು. ಆದರೂ ಪೇಟಿ ಉಳಿಯಿತು. ಅಗ್ಗದ್ದು, ಬಗಲಲ್ಲಿಟ್ಟುಕೊಂಡು ಊರೂರು ತಿರುಗಬಹುದಾದದ್ದು. ಪಿಯಾನೊಗೆ ಈ ಎರಡೂ ಅನುಕೂಲ ಇರಲಿಲ್ಲ.

ಅರಮನೆ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಗೆ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯಮೇಳವೂ ಇತ್ತು. ಜರ್ಮನಿಯ ಆಟೊ ಸ್ಮಿತ್ ಅದನ್ನು ನಡೆಸಿದವರಲ್ಲೊಬ್ಬರು. ವೀಣೆ ಶೇಷಣ್ಣನವರು (1852–1926) ಸ್ವರಬತ್, ಜಲತರಂಗ, ಪಿಟೀಲುಗಳಂತೆ ಪಿಯಾನೊವನ್ನೂ ನುಡಿಸುತ್ತಿದ್ದರು. ಇವು ಆಸ್ಥಾನದೊಳಗಿನ ಸಂಗೀತ. ಟಿಕೆಟು ಕೊಂಡು ಹೋಗಿ ಕೇಳುವ ಕಚೇರಿಗಳಲ್ಲ.

ಜಯಚಾಮರಾಜ ಒಡೆಯರ್ (1919–1974) ಪಿಯಾನೊವನ್ನು ಶಿಸ್ತಾಗಿ ಕಲಿತವರು. ಕಚೇರಿ ಪಿಯಾನೊ ವಾದಕರಾಗಬೇಕೆಂಬ ಹಂಬಲ ಅವರಿಗಿತ್ತು. 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು, 21ರ ವಯಸ್ಸಿಗೆ ಸಿಂಹಾಸನ ಏರಬೇಕಾಯಿತು. ಅವರು ರಷ್ಯದ ಪಿಯಾನೊ ವಾದಕ ರಾಖ್ಮನಿನೊಫ್‌ರ ಶಿಷ್ಯರಾಗಿದ್ದರು ಎಂದು ಕೆಲವೆಡೆ ಬರೆದದ್ದುಂಟು. ರಾಖ್ಮನಿನೊಫ್ 1939ರಲ್ಲಿ ಯುರೋಪು ಬಿಟ್ಟು ಅಮೆರಿಕಕ್ಕೆ ಹೋದವರು ಮತ್ತೆ ಮರಳದೆ 1943ರಲ್ಲಿ ತೀರಿಕೊಂಡರು. ಹಾಗಾಗಿ ಶಿಷ್ಯತ್ವದ ಮಾತನ್ನು ಆಸೆಯ ಮಟ್ಟಕ್ಕೇ ನಿಲ್ಲಿಸುವುದು ಸರಿ. 1945ರಲ್ಲಿ ಒಡೆಯರ್ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಮತ್ತು ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಆದರು. ಈ ಎರಡನ್ನೂ ಒಂದಕ್ಕೊಂದು ಅದಲುಬದಲು ಮಾಡಿ ಬರೆಯುವುದು ಸಾಮಾನ್ಯ.

ಮೆಟ್ನರ್ ಸೊಸೈಟಿ ಮತ್ತು ಲಂಡನ್

ರಷ್ಯದಿಂದ ಬಂದು ಲಂಡನ್ನಿನಲ್ಲಿ ಕಡು ಇಕ್ಕಟ್ಟಿನಲ್ಲಿ ಬದುಕುತ್ತಿದ್ದ ಪಿಯಾನೊ ವಾದಕ, ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ (1880–1951) ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಒದಗಿಸಿದರು. ಇದಕ್ಕಾಗಿ ಹುಟ್ಟಿದ್ದು ಮೆಟ್ನರ್ ಸೊಸೈಟಿ. ಅದರ ಸ್ಥಾಪನೆ 1949 ಎಂದು ಬಹಳ ಕಡೆ ಅಚ್ಚಾಗಿದೆ. ಇದು ಹೊಂದುವುದಿಲ್ಲ: ಮೆಟ್ನರರ ಮೂರು ಪಿಯಾನೊ ಕಾನ್ಸರ್ಟೊಗಳ ಧ್ವನಿಮುದ್ರಣ 1947ರಲ್ಲೇ ಮುಗಿದಿತ್ತು. ಒಂದನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ವಾದ್ಯಮೇಳ ನಿರ್ದೇಶಿಸಿದ್ದರು. ಎಚ್‌ಎಂವಿ ಇವುಗಳನ್ನೂ ಹಾಡುಗಳನ್ನೂ ಬಿಡಿ ಕೃತಿಗಳನ್ನೂ ಮೂರು ಸಂಪುಟಗಳಾಗಿ ಹೊರತಂದಿತು. ಕೆಲವು ಹಾಡುಗಳಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಕಂಠ, ಮೆಟ್ನರರ ಪಿಯಾನೊ.

1949 ಎಂಬ ಇಸವಿ ಬಂದದ್ದು, ಹೆಚ್ಚಾಗಿ, ಎಚ್‌ಎಂವಿಯ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಅವರ ಮೈಸೂರು ಭೇಟಿಯಿಂದ. ಅವರ ನೆನಪುಗಳನ್ನು ಶ್ವಾರ್ಟ್ಸ್‌ಕೋಫ್ 1982ರಲ್ಲಿ ಪ್ರಕಟಿಸಿದರು. ಅರಮನೆಯ ಅಪಾರ ರೆಕಾರ್ಡು ಸಂಗ್ರಹ, ಸಾಲು ಧ್ವನಿವರ್ಧಕಗಳು, ಒಂದಕ್ಕಿಂತ ಹೆಚ್ಚು ಗ್ರ್ಯಾಂಡ್ ಪಿಯಾನೊಗಳು ಅದರಲ್ಲಿ ಬರುತ್ತವೆ. ಮೆಟ್ನರ್ ಧ್ವನಿಮುದ್ರಣದ ಜೊತೆಗೆ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯಮೇಳ ಮತ್ತು ಅದರ ಕಚೇರಿ ಸಂಘಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡು ಕೊಡಲು ಮಹಾರಾಜರು ಒಪ್ಪಿದರೆಂಬ ಲೆಕ್ಕವೂ ಅಲ್ಲಿಯದೇ. ಎಷ್ಟೋ ವರ್ಷಗಳ ಮೇಲೆ ಬರೆದ ನೆನಪಿನಲ್ಲಿ ಹಿಂದಿನದೂ ಮುಂದಿನದೂ ಒಂದೇ ಭೇಟಿಗೆ ಅಂಟಿಕೊಂಡಂತೆ ಕಾಣುತ್ತದೆ. ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರು ಜಯಚಾಮರಾಜ ಒಡೆಯರೇ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಮೆಟ್ನರ್ ತಮ್ಮ ಮೂರನೆಯ ಕಾನ್ಸರ್ಟೊವನ್ನು (ಕೃತಿ 60) ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ಸೊಸೈಟಿಗೆ ಕೃತಜ್ಞತೆಯಾಗಿ ಅದನ್ನು ರಚಿಸಿದರೆಂಬ ಮಾತೂ ಕಾಲಕ್ಕೆ ಹೊಂದದು. ಕೃತಿ ಸಿದ್ಧವಾಗಿ 1944ರಲ್ಲೇ ಲಂಡನ್ನಿನ ಶ್ರೋತೃಗಳ ಮುಂದೆ ಬಂದಿತ್ತು. ಅರ್ಪಣೆ ಮುಂಚೆಯೇ ಇದ್ದ ಕೃತಿಗೆ ಸೇರಿದ್ದು ಎಂದುಕೊಂಡರೆ ತೊಡಕಿಲ್ಲ. ಸುಮಾರು ಅರ್ಧ ಗಂಟೆ ಮೀರುವ ಈ ಕೃತಿ 78 ಸುತ್ತಿನ ತಟ್ಟೆಗಳಲ್ಲಿ ಬಂತು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷ. ಕೇಳುವವರು ಎದ್ದೆದ್ದು ತಟ್ಟೆ ಮಗುಚಬೇಕು, ಮುಳ್ಳು ಬದಲಿಸಬೇಕು. ಆ ತಟ್ಟೆಗಳಿಗೆ ಬೇಕಾದ ಅರಗು ಬಹುಪಾಲು ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು.

ಬಾಲಾಕಿರೆವ್‌ರ ಮೊದಲ ಸಿಂಫನಿಯನ್ನು ವಾದ್ಯಮೇಳ ನಿರ್ದೇಶಕ ಕರಾಯನ್ 1949ರಲ್ಲಿ ಧ್ವನಿಮುದ್ರಿಸಿದ್ದೂ ಮೈಸೂರಿನ ನೆರವಿನಿಂದಲೇ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಷ್ಟ್ರೌಸ್‌ರ ‘ಕೊನೆಯ ನಾಲ್ಕು ಹಾಡುಗಳು’ ಮೊದಲ ಬಾರಿಗೆ ಪ್ರದರ್ಶನಗೊಂಡವು: ಗಾಯನ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್. ಇದಕ್ಕೆ ಮಹಾರಾಜರು 4,800 ಡಾಲರುಗಳ ಖಾತರಿ ನೀಡಿದ್ದರೆಂದೂ, ಧ್ವನಿಮುದ್ರಿಕೆ ಮೈಸೂರಿಗೆ ಬರಬೇಕೆಂಬ ಏರ್ಪಾಟಿತ್ತೆಂದೂ ವರದಿಯಾಗಿತ್ತು. ಅವರು ಕಚೇರಿಗೆ ಹೋಗಿರಲಿಲ್ಲ. ಇದೇ ಹೊತ್ತಿಗೆ ಮೈಸೂರಿನಲ್ಲಿ ಅವರ ಮನಸ್ಸು ಬೇರೆಡೆ ಹರಿದಿತ್ತು: ಶ್ರೀವಿದ್ಯಾ ಅಂಕಿತದ ತೊಂಬತ್ತಕ್ಕೂ ಹೆಚ್ಚು ಕರ್ನಾಟಕ ಸಂಗೀತ ಕೃತಿಗಳು ರೂಪುಗೊಳ್ಳುತ್ತಿದ್ದ ಕಾಲವದು.

1974ರ ನಂತರ

ಮಹಾರಾಜರು 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಅದೇ ವರ್ಷ ಅವರ ತಂಗಿ ವಿಜಯಾದೇವಿ (1922–2005) ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಸ್ಥಾಪಿಸಿದರು. ಅವರೂ ಪಿಯಾನೊ ವಾದಕಿ. ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೊಯರ್‌ಮನ್ ಬಳಿ ಕಲಿತವರು, ವೀಣೆಯನ್ನೂ ಬಲ್ಲವರು. ಅಣ್ಣನ ಕೊಡುಗೆ ಲಂಡನ್ನಿನ ದಾಖಲೆಗಳಲ್ಲಿ ಸೇರಿತು. ಭಾರತೀಯ ಸಂಗೀತವನ್ನೂ ಪಾಶ್ಚಾತ್ಯ ಸಂಗೀತವನ್ನೂ ಒಂದೇ ವೇದಿಕೆಗೆ ತಂದು ಊರಿನವರಿಗೆ ಕೇಳಿಸಿದ್ದು ತಂಗಿಯ ಸಂಸ್ಥೆ. ಅರಮನೆಯ ಕಥೆಗೆ ಸಿಕ್ಕ ಪ್ರಚಾರದಲ್ಲಿ ಇದು ಮರೆಗೆ ಸರಿದಿದೆ. 1987ರಲ್ಲಿ ಅರುಣಾ ಸುಂದರ್‌ಲಾಲ್ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಆರಂಭಿಸಿದ ಮೇಲೆ ಕಲಿಕೆ ಮತ್ತು ಕಚೇರಿ ಜೊತೆಜೊತೆಗೆ ಸಾಗಿದವು. ಮ್ಯಾಕ್ಸ್‌ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್‌ಗಳು ತಮ್ಮ ದೇಶಗಳ ವಾದಕರನ್ನು ಕರೆಸಿದವು.

ಜಾಝ್

ಬೆಂಗಳೂರಿನ ಜಾಝ್ ಹೊರದೇಶಗಳಲ್ಲಿ ಹೆಸರಾದದ್ದು ಪಿಯಾನೊದಿಂದಲ್ಲ, ಮೃದಂಗದಿಂದ. ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಗಾಯಕಿ ಆರ್.ಎ. ರಮಾಮಣಿ ಮತ್ತು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಕೂಡಿ 1983ರಲ್ಲಿ ಮುದ್ರಿಸಿದ ‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲವೇ ಇಲ್ಲ. ಪಿಯಾನೊ ಈ ಬಳಗಕ್ಕೆ ಬಂದದ್ದು ಬೇರೆ ದಾರಿಯಲ್ಲಿ: ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್ ಅವರ ಇಂಡೊ-ಜಾಝ್ ತಂಡದಲ್ಲಿ ರಮಾಮಣಿ ಹಾಡಿದರು, ಮುಂದೆ ಜರ್ಮನಿಯ ಪಿಯಾನೊ ವಾದಕ ಮೈಕ್ ಹೆರ್ಟಿಂಗ್ ಇವರ ಜೊತೆ ದುಡಿದರು. ಹಾರ್ಮನಿಯ ಸ್ವರಗುಚ್ಛಗಳು ರಾಗಕ್ಕೆ ಅಡ್ಡ ಬರುವ ಕಡೆ ತಾಳದ ಲೆಕ್ಕಾಚಾರ ಎರಡೂ ಕಡೆಯವರಿಗೆ ಒಪ್ಪಿಗೆಯಾಯಿತು.

ಇತ್ತೀಚಿನ ಘಟ್ಟದಲ್ಲಿ ಷಾರಿಕ್ ಹಸನ್, ಅಮನ್ ಮಹಾಜನ್ ಬೆಂಗಳೂರಿನ ಜಾಝ್ ಪಿಯಾನೊದ ಪ್ರಮುಖ ಹೆಸರುಗಳು. ಇಂದಿರಾನಗರದ ಬಿ-ಫ್ಲಾಟ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಇಂಥ ಕಚೇರಿಗಳಿಗೆ ಜಾಗ ಕೊಟ್ಟವು. ಎರಡನೆಯದರಲ್ಲಿ ಬಿಯರ್ ತಯಾರಿಕೆ, ಪುಸ್ತಕದ ಕಪಾಟು, ವೇದಿಕೆ ಒಂದೇ ಸೂರಿನಡಿ ಇವೆ. ಖರ್ಚು ಟಿಕೆಟು ಮತ್ತು ಊಟದಿಂದ ಹುಟ್ಟಬೇಕು. ಗ್ರ್ಯಾಂಡ್ ಪಿಯಾನೊ ಇಲ್ಲದ ಸಭಾಂಗಣಕ್ಕೆ ಅದನ್ನು ಬಾಡಿಗೆಗೆ ತರಬೇಕು: ಕಾಲು ಕಳಚಿ, ಮಗ್ಗುಲಾಗಿ ಮಲಗಿಸಿ, ಲಾರಿಯಲ್ಲಿ ಸಾಗಿಸಿ, ಇಳಿಸಿದ ಮೇಲೆ ಹೊಸದಾಗಿ ಶ್ರುತಿ ಮಾಡಿಸಬೇಕು. ಅಷ್ಟು ವೆಚ್ಚ ತೂಗದ ಕಡೆ ವಾದಕರು ವಿದ್ಯುತ್ ಕೀಬೋರ್ಡಿನಲ್ಲೇ ಕಚೇರಿ ಮುಗಿಸುತ್ತಾರೆ.